ಇಂದ್ರಾಳಿ ಏರಿನಲ್ಲಿ ಬೀಳುವ ಗೇರ್

ಸುಗಂಧಿ ಸೈಕಲ್ ಕಲಿತದ್ದು ಕಾಪುವಿನ ಕಡಲ ಬದಿಯಲ್ಲಿ. ಅಲೆ ಹಿಂದೆ ಸರಿದು ಒದ್ದೆ ಮರಳು ಗಟ್ಟಿಯಾಗಿ ಬಿದ್ದುಕೊಂಡ ಹೊತ್ತಿಗೆ ಅಣ್ಣ ತಾರಾನಾಥ ಬಾಡಿಗೆ ಸೈಕಲ್ ತರುತ್ತಿದ್ದ. ಅವನು ಹೊಡೆದು ಸುಸ್ತಾಗಿ ದೋಣಿಯ ನೆರಳಿಗೆ ಹೋದ ಮೇಲೆ, ಬಾಡಿಗೆಯಲ್ಲಿ ಮಿಕ್ಕಿದ ಹೊತ್ತು ಅವಳದ್ದು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ದೀಪಸ್ತಂಭದ ಬಂಡೆಯವರೆಗೆ ಹೋಗಿ ತಿರುಗಿ ಬರುವಳು. ಸೈಕಲ್ ಹಿಂದಕ್ಕೆ ಕೊಡುವ ಮೊದಲು ಬಾವಿಕಟ್ಟೆಯಲ್ಲಿ ಅದರ ಉಪ್ಪು ತೊಳೆದು, ಒರೆಸಿ, ಸಂದಿಸಂದಿಗೆ ತೆಂಗಿನೆಣ್ಣೆ ಬಿಡುವ ಕೆಲಸವೂ ಅವಳದ್ದೇ. ಅಣ್ಣ ಅಷ್ಟರೊಳಗೆ ಊಟಕ್ಕೆ ಕುಳಿತಿರುತ್ತಿದ್ದ. ಕಡಲ ಬದಿಯ ಮನೆಗಳಲ್ಲಿ ಕಬ್ಬಿಣ ಅಂದರೆ ಅಷ್ಟೇ. ತೊಳೆ, ಒರೆಸು, ಎಣ್ಣೆ ಹಚ್ಚು. ಬಾಗಿಲ ಕೀಲು, ಹೆರೆಮಣೆ, ಕತ್ತಿ, ಹೊಲಿಗೆ ಮೆಷಿನು, ಯಾವುದು ಕೈಕೊಟ್ಟರೂ ಮೊದಲು ಎಣ್ಣೆಯ ಕುಡಿಕೆ ಬರಬೇಕು.

ಮದುವೆಯಾಗಿ ಇಂದ್ರಾಳಿಗೆ ಬಂದ ಮೇಲೆ ಸೈಕಲ್ ಮುಟ್ಟುವ ಪ್ರಶ್ನೆಯೇ ಇರಲಿಲ್ಲ. ಗಂಡ ಕರುಣಾಕರ ಬಸ್ಸಿನ ಕಂಡಕ್ಟರ್. ಉಡುಪಿಯಿಂದ ಹೊರಟು ಇಂದ್ರಾಳಿಯ ಏರು ಹತ್ತಿ, ಮಣಿಪಾಲ, ಕಾರ್ಕಳ ದಾಟಿ ಬಜಗೋಳಿಗೆ ಹೋಗುವ ಬಸ್ಸು. ಒಂದು ದಿನ ಬಿಟ್ಟು ಒಂದು ದಿನ ಅಲ್ಲೇ ಹಾಲ್ಟ್. ಮನೆಯಲ್ಲಿ ಅತ್ತೆ ಸರಸಕ್ಕ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಒಂದು ದನ, ಆಳದ ಬಾವಿ. ಅತ್ತೆ ಕೆಟ್ಟವರಲ್ಲ. ಅವರು ಬೆಳೆದು ದುಡಿದದ್ದೇ ಹಾಗೆ. ಸುಮ್ಮನೆ ಕುಳಿತ ಹೆಂಗಸನ್ನು ಕಂಡರೆ ಅವರಿಗೆ ಒಲೆಯ ಮೇಲೆ ಹಾಲು ಉಕ್ಕುತ್ತಿರುವಂತೆ ಗಡಿಬಿಡಿಯಾಗುತ್ತಿತ್ತು.

ಊಟದ ಕ್ಯಾರಿಯರ್ ಶುರುವಾದದ್ದು ಕರುಣಾಕರನ ಬಾಯಿಯಿಂದ. ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮೇಬಲ್ ತನ್ನ ಊರು ಕೆಮ್ಮಣ್ಣಿಗೆ ಹೋಗಿ ಬರುವಾಗ ಇವನ ಬಸ್ಸಿಗೆ ಹತ್ತುತ್ತಿದ್ದಳು. ಹಾಸ್ಟೆಲಿನ ಸಾರು ತಿಂದು ತಿಂದು ನಾಲಗೆ ಸತ್ತೇಹೋಯಿತು ಎಂದು ಅವಳು ಪಕ್ಕದವಳ ಹತ್ತಿರ ಹೇಳುತ್ತಿದ್ದುದು ಇವನ ಕಿವಿಗೆ ಬಿತ್ತು.

"ಸಿಸ್ಟರ್, ನಮ್ಮ ಮನೆಯ ಬಂಗುಡೆ ಗಸಿ ತಿಂದು ನೋಡಿ. ಸತ್ತ ನಾಲಗೆ ಎದ್ದು ಕೂರ್ತದೆ."

ಮಾತು ಕೊಟ್ಟದ್ದು ಅವನು. ಮರುದಿನದಿಂದ ಮಸಾಲೆ ಅರೆದದ್ದು ಇವಳು. ಮೇಬಲಿನ ಕ್ಯಾರಿಯರ್ ನೋಡಿ ಇನ್ನಿಬ್ಬರು ನರ್ಸುಗಳು, ಅವರನ್ನು ನೋಡಿ ಡಾಕ್ಟರ್ ಓದುವ ಹುಡುಗಿಯರು ಕೇಳಿದರು. ಬೆಳಿಗ್ಗೆ ಕೊಟ್ಟಿಗೆ, ನೀರು, ಮಕ್ಕಳ ತಿಂಡಿ ಮುಗಿಸಿ, ಕುಚ್ಚಲಕ್ಕಿ ಬೇಯಿಸಿ, ಮೀನು ಕೊಯ್ದು, ಅರೆದು, ಕುದಿಸಿ, ತುಂಬಿ, ಬುಟ್ಟಿಯನ್ನು ತಲೆಯ ಮೇಲಿಟ್ಟು ಏರು ಹತ್ತುವುದು. ಮೇಲೆ ಮುಟ್ಟುವಾಗ ಕಾಲು ತನ್ನದಲ್ಲ ಎನಿಸುತ್ತಿತ್ತು. ಕೆಳಗೆ ಇಳಿದು ಬಂದರೆ ಪಾತ್ರೆಗಳ ರಾಶಿ ಕಾಯುತ್ತಿರುತ್ತಿತ್ತು. ಕೈಗೆ ಬಂದದ್ದು ಮನೆಯ ಡಬ್ಬಕ್ಕೆ ಬೀಳುತ್ತಿತ್ತು. ಬಸ್ಸಿನಲ್ಲಿ ಕರುಣಾಕರ ಅದನ್ನು "ನಮ್ಮ ಮೆಸ್ಸು" ಎನ್ನುತ್ತಿದ್ದ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಆ ಹುಡುಗಿಯರಲ್ಲಿ ಮಲೇಶಿಯಾದಿಂದ ಬಂದ ಆನಿ ಎಂಬವಳೊಬ್ಬಳಿದ್ದಳು. ಅವಳ ಹತ್ತಿರ ಒಂದು ಗೇರಿನ ಲೇಡೀಸ್ ಸೈಕಲ್ ಇತ್ತು. ಹಸಿರು ಬಣ್ಣ, ಸಪೂರ ಚಕ್ರ, ಹ್ಯಾಂಡಲಿನ ನಡುವೆ ಎರಡು ಪುಟ್ಟ ಹಿಡಿಕೆ. ಓದು ಮುಗಿಸಿ ಊರಿಗೆ ಹೊರಟಾಗ ಅವಳು ಅದನ್ನು ಸುಗಂಧಿಯ ಕೈಗಿಟ್ಟಳು. ಹಾಸ್ಟೆಲಿನ ಅಂಗಳದಲ್ಲಿ ಗೇರಿನ ಪಾಠವೂ ಆಯಿತು. ಆನಿಗೆ ಬರುತ್ತಿದ್ದ ಕನ್ನಡವೆಂದರೆ ರೋಗಿಗಳ ಹತ್ತಿರ ಮಾತಾಡಲು ಕಲಿತದ್ದು ಮಾತ್ರ.

"ಆಂಟಿ, ತುಳಿಯಿರಿ. ಈಗ ನೋವು ಉಂಟಾ?"

"ಉಂಟು ಮಾರಾಯ್ತಿ, ಮೊಣಕಾಲಿನಲ್ಲಿ."

"ಬಲಗೈ ಹಿಡಿಕೆ ಹಿಂದೆ ಎಳೆಯಿರಿ. ಮೆಲ್ಲ. ಈಗ?"

ಹಿಂದಿನ ಚಕ್ರದಲ್ಲಿ ಸರಪಳಿ ಕಟಕಟ ಎಂದು ಚಿಕ್ಕ ಹಲ್ಲಿನ ಗಾಲಿಯಿಂದ ದೊಡ್ಡದಕ್ಕೆ ಹತ್ತಿತು. ಪೆಡಲು ಹಗುರಾಯಿತು.

"ಈಗ ಕಡಿಮೆ ಉಂಟು."

"ಇನ್ನೂ ಎಳೆಯಿರಿ. ದೀರ್ಘ ಉಸಿರು ತೆಗೆದುಕೊಳ್ಳಿ."

ಸುತ್ತ ನಿಂತ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಹಿಡಿಕೆಯನ್ನು ಹಿಂದೆ ಎಳೆದು ಬಿಟ್ಟರೆ ಅದು ಎಲ್ಲಿ ಬಿಟ್ಟೆವೋ ಅಲ್ಲೇ ಗಟ್ಟಿ ನಿಲ್ಲಬೇಕು. ಅಷ್ಟೇ ಅದರ ಕೆಲಸ. ಅದು ನಿಂತರೆ ಏರು ಏರೇ ಅಲ್ಲ.

ಕ್ಯಾರಿಯರ್‌ಗಳನ್ನು ಹಿಂದೆ ಕಟ್ಟಿದ ಪೆಟ್ಟಿಗೆಯಲ್ಲಿಟ್ಟು, ಹ್ಯಾಂಡಲಿಗೂ ತೂಗಿಸಿಕೊಂಡು ಸುಗಂಧಿ ಮೊದಲ ಸಲ ಸೀಟಿನಿಂದ ಏಳದೆಯೇ ಏರು ಮುಗಿಸಿದ ದಿನ, ಮೇಲೆ ನಿಂತು ಒಬ್ಬಳೇ ನಕ್ಕಳು. ದಾರಿಯ ಗಂಡಸರು ನೋಡಿದರು, ಒಂದು ವಾರ ಮಾತಾಡಿದರು, ಆಮೇಲೆ ಅವರಿಗೂ ರೂಢಿಯಾಯಿತು. ಕರುಣಾಕರ ಬಸ್ಸಿನ ಡ್ರೈವರನಿಗೆ ಹೇಳಿದನಂತೆ, "ನಿನ್ನ ಬಸ್ಸಿಗೆ ಇರುವುದು ನಾಲ್ಕು ಗೇರು ಮಾರಾಯ, ನನ್ನ ಹೆಂಡತಿಯ ಸೈಕಲಿಗೆ ಹತ್ತು."

ಊಟ ಕೊಟ್ಟು, ಹಿಂದಿನ ದಿನದ ಖಾಲಿ ಕ್ಯಾರಿಯರ್ ತೆಗೆದುಕೊಂಡು, ಇಳಿಜಾರಿನಲ್ಲಿ ಬಿಟ್ಟು ಬಂದರೆ ಗಡಿಯಾರದಲ್ಲಿ ಇನ್ನೂ ಹೊತ್ತು ಇರುತ್ತಿತ್ತು. ಮೊದಲ ದಿನಗಳಲ್ಲಿ ಅವಳು ಆ ಹೊತ್ತನ್ನು ಮನೆಗೇ ತಂದಳು. ಇಷ್ಟು ಬೇಗ ಬಂದೆ ನೋಡಿ ಎಂಬ ಹೆಮ್ಮೆ. ಅತ್ತೆಯೂ ನೋಡಿದರು. ನಾಲ್ಕನೆಯ ದಿನವೋ ಐದನೆಯ ದಿನವೋ ಅವಳು ಅಂಗಳಕ್ಕೆ ಕಾಲಿಡುವಾಗ ಜಗಲಿಯಲ್ಲಿ ಒಂದು ಗೆರಸೆ ಕಾಯುತ್ತಿತ್ತು. ಅದರಲ್ಲಿ ಬೀಡಿ ಎಲೆ, ಹೊಗೆಸೊಪ್ಪು, ನೂಲು, ಕತ್ತರಿ.

"ಹೇಗೂ ಬೇಗ ಬರ್ತಿ ಅಲ್ವಾ. ಸಂಜೆಯವರೆಗೆ ಕೈ ಖಾಲಿ ಯಾಕೆ?"

"ಪಾತ್ರೆ ಉಂಟಲ್ಲ ಮಾಮಿ."

"ಪಾತ್ರೆ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಒಂದು ಕಟ್ಟು ಮುಗಿಸು."

ಹೀಗೆ ಸೈಕಲ್ ಉಳಿಸಿಕೊಟ್ಟದ್ದನ್ನು ಬೀಡಿ ತಿಂದಿತು. ಬೀಡಿ ಕಟ್ಟುತ್ತ ಸುಗಂಧಿ ಯೋಚಿಸಿದಳು. ಅವಳು ಹೆಚ್ಚು ಓದಿದವಳಲ್ಲ, ಆದರೆ ಈ ಲೆಕ್ಕ ಅವಳಿಗೆ ಅರ್ಥವಾಯಿತು: ಮನೆಗೆ ತಂದ ಹೊತ್ತು ಮನೆಯದ್ದೇ ಆಗುತ್ತದೆ. ಅಲ್ಲಿಂದ ಮುಂದೆ ಅವಳು ಅದನ್ನು ಮನೆಗೆ ತರಲಿಲ್ಲ. ನಡೆದು ಹೋಗುತ್ತಿದ್ದಾಗ ಎಷ್ಟು ಹೊತ್ತಿಗೆ ಬರುತ್ತಿದ್ದಳೋ ಅಷ್ಟೇ ಹೊತ್ತಿಗೆ ಬರತೊಡಗಿದಳು. ದಿನಾ ಸ್ವಲ್ಪ ಸ್ವಲ್ಪ ತಡ ಮಾಡುತ್ತ ಬಂದದ್ದರಿಂದ ಯಾರಿಗೂ ಅದು ಕಾಣಲಿಲ್ಲ. ಜಗಲಿಯ ಗೆರಸೆ ಒಳಗಿನ ಮೂಲೆ ಸೇರಿತು.

ಏರಿನ ನಡುವೆ, ರಸ್ತೆಯಿಂದ ಸ್ವಲ್ಪ ಒಳಗೆ, ಕೆಂಪು ಕಲ್ಲು ಕಡಿದು ಬಿಟ್ಟ ಒಂದು ಹಳೆಯ ಕೋರೆ ಇತ್ತು. ಕಡಿದ ಕಲ್ಲಿನ ಮೆಟ್ಟಿಲಿನಂಥ ಜಾಗ, ಮೇಲೆ ಒಂದು ಹಲಸಿನ ಮರ. ಸೈಕಲನ್ನು ರಸ್ತೆ ಬದಿಯ ಪೊದೆಗೆ ಒರಗಿಸಿ ಅವಳು ಅಲ್ಲಿ ಕೂರುತ್ತಿದ್ದಳು. ಏನು ಮಾಡುತ್ತಿದ್ದಳು? ಏನೂ ಇಲ್ಲ. ಚಪ್ಪಲಿ ಕಳಚಿ ಪಾದಗಳನ್ನು ತಣ್ಣಗಿನ ಕಲ್ಲಿಗೆ ಊರುತ್ತಿದ್ದಳು. ಬೆರಳಿನ ಮೀನಿನ ವಾಸನೆ ಮೂಸುತ್ತಿದ್ದಳು. ಒಮ್ಮೊಮ್ಮೆ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚುತ್ತಿದ್ದಳು. ಯಾರೂ ಕರೆಯುತ್ತಿರಲಿಲ್ಲ. ಮದುವೆಯಾದ ಮೇಲೆ ಹಗಲಿನಲ್ಲಿ ಯಾರೂ ತನ್ನನ್ನು ಕರೆಯದ ಜಾಗ ಅದೊಂದೇ ಎಂದು ಅವಳಿಗೆ ಅಲ್ಲಿ ಕುಳಿತ ಮೇಲೆ ಗೊತ್ತಾಯಿತು.

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಗೇರ್ ಬೀಳತೊಡಗಿತು.

ಬಲಗಡೆಯ ಹಿಡಿಕೆ ಎಳೆದಲ್ಲಿ ನಿಲ್ಲುತ್ತಿರಲಿಲ್ಲ. ಏರಿನ ಅರ್ಧಕ್ಕೆ ಬಂದಾಗ ತಾನಾಗಿ ಮುಂದಕ್ಕೆ ಜಾರುವುದು, ಸರಪಳಿ ದೊಡ್ಡ ಗಾಲಿಯಿಂದ ಚಿಕ್ಕದಕ್ಕೆ ಇಳಿಯುವುದು, ಪೆಡಲು ಕಲ್ಲಿನಂತಾಗುವುದು. ಕಾಲು ನೆಲಕ್ಕೆ ಊರುವಷ್ಟರಲ್ಲಿ ಕ್ಯಾರಿಯರ್ ಅಲುಗಿ ಗಸಿ ಚೆಲ್ಲಿ ಸೀರೆಯ ನೆರಿಗೆ ಹಳದಿ. ಹಿಡಿಕೆಯ ನಡುವೆ ಕೈಯಲ್ಲೇ ತಿರುಗಿಸುವ ಕಿವಿಯಂಥ ತಿರುಪು ಇತ್ತು. ಅದನ್ನು ಬಿಗಿ ಮಾಡಿದಳು. ಎರಡು ದಿನ ನಿಂತಿತು, ಪುನಃ ಬಿತ್ತು.

"ಎಣ್ಣೆ ಬಿಟ್ಟು ನೋಡು," ಎಂದರು ಅತ್ತೆ.

"ಎಣ್ಣೆ ಕಡಿಮೆಯಾಗಿರಬೇಕು," ಎಂದ ಕರುಣಾಕರ.

ಊರವರೆಲ್ಲ ಪೊರ್ಬುಗಳು ಎಂದು ಕರೆಯುವ, ಕುಂಜಿಬೆಟ್ಟಿನ ಸೈಕಲ್ ಅಂಗಡಿಯ ಅಲೋಶಿಯಸ್ ಕೂಡ, "ಅಕ್ಕ, ಇದು ಫಾರಿನ್ ಸಾಮಾನು, ನನಗೆ ಇದರ ಒಳಗಿನದ್ದು ಗೊತ್ತಿಲ್ಲ. ಎಣ್ಣೆ ಹಾಕಿ ಬಿಗಿ ಮಾಡ್ತೇನೆ," ಎಂದ. ಅವಳೂ ಅದನ್ನೇ ಮಾಡುತ್ತಿದ್ದಳು. ಎಣ್ಣೆ, ಬಿಗಿ, ಎಣ್ಣೆ, ಬಿಗಿ. ಒಳಗಿನ ತೆಳ್ಳಗಿನ ಬಿಲ್ಲೆ ಸವೆದು ಕಾಗದದಂತಾಯಿತು. ತಿರುಪಿನ ಸುತ್ತು ಅಳಿಸಿಹೋಯಿತು. ಕೊನೆಗೆ ಅಲೋಶಿಯಸ್ ಹಿಡಿಕೆಯನ್ನು ಹಿಂದಕ್ಕೆ ಎಳೆದು ತಂತಿಯಿಂದ ಬಿಗಿದು ಕಟ್ಟಿದ. ಏರಿನಲ್ಲಿ ಚೆನ್ನಾಗಿ ಹೋಯಿತು. ಸಮತಟ್ಟಿನಲ್ಲಿ ಕಾಲು ಗಿರಗಿರ ತಿರುಗಿದರೂ ಸೈಕಲ್ ಮುಂದೆ ಹೋಗದು. ಮಳೆಗಾಲದ ಒಂದು ದಿನ ತಂತಿಯ ಎಳೆತಕ್ಕೆ ಹಿಡಿಕೆಯೇ ಲಟಕ್ಕೆಂದು ಮುರಿದು ಅವಳ ಕೈಗೆ ಬಂತು.

"ಪೊರ್ಬುಗಳೇ, ಇನ್ನು ಎಂತ ಮಾಡುವುದು?" ಎಂದು ಅದನ್ನು ಅಲೋಶಿಯಸನ ಮುಂದೆ ಹಿಡಿದಳು.

"ಹೊಸತು ಹಾಕಬೇಕು ಅಕ್ಕ. ಉಡುಪಿಯಲ್ಲಿ ಸಿಗುವುದಿಲ್ಲ. ಮಂಗಳೂರಿನಲ್ಲೂ ನಾನು ನೋಡಲಿಲ್ಲ. ನಿಮ್ಮವರು ಯಾರಾದರೂ ಗಲ್ಫಿನಲ್ಲಿ ಉಂಟಾ?"

ಸರಪಳಿ ಚಿಕ್ಕ ಗಾಲಿಯಲ್ಲೇ ಬಿದ್ದುಕೊಂಡಿತು. ಕ್ಯಾರಿಯರ್‌ಗಳೂ ಈಗ ತಲೆಯ ಬುಟ್ಟಿಗೆ ಹಿಡಿಸುವಷ್ಟಲ್ಲ. ಏರಿನಲ್ಲಿ ಸೈಕಲನ್ನು ತಳ್ಳಿಕೊಂಡು ಹೋಗುವುದು ತಲೆಹೊರೆಗಿಂತಲೂ ಕಷ್ಟ; ಹೊರೆಗೆ ಸೈಕಲಿನ ಭಾರವೂ ಸೇರಿತು. ಕೋರೆಯ ಮುಂದೆ ಹಾದುಹೋಗುವಾಗ ಆ ಕಡೆ ನೋಡಲೂ ಅವಳಿಗೆ ಪುರುಸೊತ್ತಿಲ್ಲ. ಆ ಮಳೆಗಾಲದಲ್ಲಿ ಅವಳು ಒರಟಾದಳು. ಹಾಲು ಚೆಲ್ಲಿದ ಮಗಳ ಬೆನ್ನಿಗೆ ಒಂದು ಕೊಟ್ಟಳು, ಆಮೇಲೆ ಮಗಳಿಗಿಂತ ಹೆಚ್ಚು ತಾನೇ ಅತ್ತಳು. ಒಂದು ಬೆಳಿಗ್ಗೆ ಅರೆಯುವ ಕಲ್ಲಿನ ಮುಂದೆ ಗುಂಡು ತಿರುಗಿಸುತ್ತಲೇ ತೂಕಡಿಸಿದಳು. ಗುಂಡು ಕೈ ಮೇಲೆ ಹೊರಳಿ ಎರಡು ಬೆರಳಿನ ಉಗುರು ಕಪ್ಪಾಯಿತು. ಮೇಬಲ್ ಔಷಧ ಹಚ್ಚಿ ಬಟ್ಟೆ ಕಟ್ಟುತ್ತ, "ಸುಗಂಧಿಯಕ್ಕ, ಇದು ಕೈಯ ನೋವಲ್ಲ. ನಿಮಗೆ ಎರಡು ದಿನ ಮಲಗಿದರೆ ಸರಿಯಾಗುತ್ತದೆ," ಎಂದಳು.

"ಯಾವ ಎರಡು ದಿನ ಸಿಸ್ಟರ್?" ಎಂದು ಕೇಳಿದಳು ಸುಗಂಧಿ. ಗೇಲಿಯಲ್ಲ, ನಿಜವಾಗಿಯೂ ಕೇಳಿದ್ದಳು.

ಗಲ್ಫಿನಲ್ಲಿ ಇದ್ದದ್ದು ಅಣ್ಣ ತಾರಾನಾಥ. ಬಹ್ರೈನಿನಲ್ಲಿ ಬಿಳಿಯರ ಒಂದು ಕ್ಲಬ್ಬಿನ ಸ್ಟೋರಿನಲ್ಲಿ ಅವನಿಗೆ ಕೆಲಸ. ಪಡುಬಿದ್ರಿಯ ಪರಿಚಯದವರೊಬ್ಬರು ರಜೆ ಮುಗಿಸಿ ಅಲ್ಲಿಗೆ ಹೊರಟಿದ್ದರು. ಅವರ ಕೈಯಲ್ಲಿ ಅಮ್ಮ ಮಗನಿಗೆ ಉಪ್ಪಿನಕಾಯಿ, ಹಪ್ಪಳ ಕಳಿಸಿದರು. ಹಪ್ಪಳದ ಕಟ್ಟಿನ ಒಳಗೆ ಸುಗಂಧಿ ಮುರಿದ ಹಿಡಿಕೆಯನ್ನು ಸೇರಿಸಿದಳು. "ಇಂಥದ್ದು ಒಂದು ಜೊತೆ ಬೇಕು ಎಂದು ಹೇಳಿ," ಎಂದಳು. ಮದುವೆಯಾದ ಮೇಲೆ ಅಣ್ಣನ ಹತ್ತಿರ ತನಗೆಂದು ಅವಳು ಕೇಳಿದ ಮೊದಲ ವಸ್ತು ಅದು.

ಮಳೆ ನಿಂತು ನವರಾತ್ರಿ ಹತ್ತಿರ ಬರುವಾಗ ತಾರಾನಾಥ ಬಂದ. ಕಾಪುವಿನ ಮನೆಯ ಚಾವಡಿಯಲ್ಲಿ ಪೆಟ್ಟಿಗೆ ತೆರೆದ. ಅಮ್ಮನಿಗೆ ಟಾರ್ಚು, ಕಂಬಳಿ, ಮಕ್ಕಳಿಗೆ ಬಣ್ಣದ ಪೆನ್ಸಿಲು, ಎಲ್ಲರಿಗೂ ಸಾಬೂನು. ಕೊನೆಗೆ ಎಣ್ಣೆಕಾಗದದಲ್ಲಿ ಸುತ್ತಿದ ಒಂದು ಸಣ್ಣ ಕಟ್ಟು.

"ಇದಕ್ಕಾಗಿ ಎಷ್ಟು ಹುಡುಕಿದೆ ಗೊತ್ತುಂಟಾ ಸುಗಂಧಿ? ಅಂಗಡಿಯಲ್ಲಿ ಇಲ್ಲ. ನಮ್ಮ ಕ್ಲಬ್ಬಿನಲ್ಲಿ ಒಬ್ಬಳು ಬಿಳಿ ಹೆಂಗಸು ಇದ್ದಾಳೆ. ಅವಳು ಒಂದು ಪಂದ್ಯಕ್ಕೆ ಹೋಗುತ್ತಾಳೆ. ಮೊದಲು ಸಮುದ್ರದಲ್ಲಿ ಈಜುವುದು, ಮೈ ಒರೆಸದೆ ಸೈಕಲ್ ಹತ್ತುವುದು, ಸೈಕಲ್ ಬಿಟ್ಟು ಓಡುವುದು. ಎಲ್ಲ ಒಂದೇ ದಿನ, ಒಂದರ ಹಿಂದೆ ಒಂದು. ಅವಳು ತನ್ನ ಸೈಕಲಿಗೆ ಬೇರೆ ಗೇರ್ ಹಾಕಿಸಿದಳು. ತೆಗೆದದ್ದು ಹೊಸದರಂತೆಯೇ ಉಂಟು. ಕೇಳಿದೆ, ಕೊಟ್ಟಳು."

ಅಮ್ಮ ಬಾಯಿಗೆ ಕೈ ಇಟ್ಟರು. "ಮೂರೂ ಒಂದೇ ದಿನ? ಅವಳ ಮನೆಯಲ್ಲಿ ಗಂಜಿ ಬೇಯಿಸುವುದು ಯಾರು?"

"ನೀರು ಸೇದುವುದು, ಸೈಕಲ್ ಹೊಡೆಯುವುದು, ಮನೆಗೆ ಓಡುವುದು," ಎಂದಳು ಸುಗಂಧಿ. "ನಾನೂ ಪಂದ್ಯಕ್ಕೆ ಹೋಗಬಹುದಲ್ಲ."

"ನಿನಗೆ ಯಾರು ಬಹುಮಾನದ ಕಪ್ ಕೊಡ್ತಾರೆ ಮಾರಾಯ್ತಿ," ಎಂದು ಅಣ್ಣ ನಕ್ಕ. ಅವಳೂ ನಕ್ಕಳು. ನಗುತ್ತಲೇ ಕೈ ಚಾಚಿದಳು.

ಆದರೆ ತಾರಾನಾಥ ಮರ್ಯಾದೆ ಬಲ್ಲವನು. ಮದುವೆ ಮಾಡಿ ಕೊಟ್ಟ ಹೆಣ್ಣಿನ ಮನೆಗೆ ಏನೇ ಕೊಡುವುದಿದ್ದರೂ ಅಳಿಯನ ಕೈಗೇ ಕೊಡಬೇಕು. ಜಗಲಿಯಲ್ಲಿ ವೀಳ್ಯ ಹಾಕುತ್ತಿದ್ದ ಕರುಣಾಕರನ ಕಡೆ ತಿರುಗಿ, "ಭಾವ, ತೆಗೆದುಕೊಳ್ಳಿ, ನಿಮ್ಮ ಸೈಕಲಿಗೆ," ಎಂದ. ಕರುಣಾಕರ ಎರಡೂ ಕೈಯಲ್ಲಿ ತೆಗೆದುಕೊಂಡ.

ಬಸ್ಸಿನಲ್ಲಿ ಹಿಂದೆ ಬರುವಾಗ ಸುಗಂಧಿ ಹೇಳಿದಳು, "ನಾಳೆ ಪೊರ್ಬುಗಳ ಹತ್ತಿರ ಹಾಕಿಸಿಬಿಡುವ."

"ನಾಳೆ ಬೇಡ. ಆಯುಧಪೂಜೆ ಬಂತಲ್ಲ. ಬಸ್ಸಿಗೆ ಹೊಸ ಟೈರು ಬಂದರೂ ನಮ್ಮ ಮಾಲಕರು ಈ ವಾರದಲ್ಲಿ ಹಾಕಿಸುವುದಿಲ್ಲ. ಪೂಜೆಯ ದಿವಸ ಹಾಕುವ, ಪೂಜೆ ಮಾಡಿಯೇ ಓಡಿಸುವ. ಅಲ್ಲಿಯವರೆಗೆ ಹೇಗೂ ತಳ್ಳುತ್ತಾ ಇದ್ದಿ."

ಹಾಗೆ ಆ ನವರಾತ್ರಿ ಪೂರ್ತಿ ಹಿಡಿಕೆಗಳು ದೇವರ ಮುಂದೆ ಹೂವಿನ ಬದಿಯಲ್ಲಿ ಕುಳಿತವು. ಸುಗಂಧಿ ಅವುಗಳಿಗೆ ದೀಪ ಹಚ್ಚಿಟ್ಟು, ಸೈಕಲ್ ತಳ್ಳಿಕೊಂಡು ಏರು ಹತ್ತಿದಳು.

ಪೂಜೆಯ ಬೆಳಿಗ್ಗೆ ಕರುಣಾಕರ ಸೈಕಲನ್ನು ಅಲೋಶಿಯಸನ ಅಂಗಡಿಗೆ ಒಯ್ದು ಹಿಡಿಕೆಗಳನ್ನು ಹಾಕಿಸಿ ತಂದ. ಮನೆಯಲ್ಲಿ ಸುಗಂಧಿ ಕತ್ತಿ, ಹೆರೆಮಣೆ, ಹಾರೆ, ಹೊಲಿಗೆ ಮೆಷಿನು ಎಲ್ಲ ತೊಳೆದು ಒರೆಸಿ ಸಾಲಾಗಿಟ್ಟಳು. ಅರೆಯುವ ಕಲ್ಲನ್ನು ಬೂದಿ ಹಾಕಿ ಉಜ್ಜಿದಳು. ಅದಕ್ಕೂ ಆ ದಿನ ಕುಂಕುಮ ಉಂಟು. ಕುಂಕುಮ ಇಟ್ಟ ಮೇಲೆ ಕಲ್ಲು ಮುಟ್ಟಬಾರದು ಎಂದು ಅತ್ತೆ ನೆನಪಿಸಿದ್ದರಿಂದ, ಹಬ್ಬದ ಅಡುಗೆಯದ್ದಲ್ಲದೆ ಮರುದಿನದ ಮಸಾಲೆಯನ್ನೂ ಬೆಳಿಗ್ಗೆಯೇ ಅರೆದಿಟ್ಟಿದ್ದಳು. ಆಯುಧಗಳಿಗೆ ಒಂದು ದಿನದ ರಜೆ ಕೊಡಲು ಆಯುಧ ಹಿಡಿಯುವವಳು ಎರಡು ದಿನದ್ದು ಮುಗಿಸಬೇಕು.

ಕರುಣಾಕರ ಮಿಂದು, ಬಿಳಿ ಪಂಚೆ ಉಟ್ಟು, ಪೂಜೆಗೆ ನಿಂತ. ಬಸ್ಸಿನಲ್ಲಿ ಡ್ರೈವರ್ ಏನೇನು ಮಾಡುತ್ತಿದ್ದನೋ ಎಲ್ಲವನ್ನೂ ಸೈಕಲಿಗೆ ಮಾಡಿದ. ಹ್ಯಾಂಡಲಿಗೆ ಚೆಂಡುಹೂವು, ಚಕ್ರದ ಕೆಳಗೆ ಲಿಂಬೆ. ಬಟ್ಟಲಲ್ಲಿ ತೆಂಗಿನೆಣ್ಣೆ ತೆಗೆದುಕೊಂಡು ಒಂದೊಂದು ಕೀಲಿಗೂ ಬೆರಳಿನಿಂದ ತೊಟ್ಟಿಕ್ಕಿದ. ಹೊಸ ಹಿಡಿಕೆಗಳ ಸಂದಿಗೆ ಮಾತ್ರ ಧಾರಾಳವಾಗಿ ಬಿಟ್ಟ. ವರ್ಷಕ್ಕೆ ಒಮ್ಮೆ ಅವನು ಆ ಸೈಕಲಿಗೆ ಮಾಡುವ ಸೇವೆ ಅದು; ಮನಸ್ಸಿಟ್ಟೇ ಮಾಡುತ್ತಿದ್ದ.

ಮರುದಿನ ಏರಿನ ಅರ್ಧದಲ್ಲಿ ಗೇರ್ ಬಿತ್ತು.

ಸುಗಂಧಿ ಕಾಲೂರಿ ನಿಂತಳು. ಗಸಿ ಚೆಲ್ಲಿದ್ದನ್ನೂ ನೋಡಲಿಲ್ಲ. ಹಿಡಿಕೆಯನ್ನು ಹಿಂದಕ್ಕೆ ಎಳೆದಳು, ಜಾರಿತು. ತಿರುಪು ಬಿಗಿ ಮಾಡಿ ಎಳೆದಳು, ಪುನಃ ಜಾರಿತು. ಹೊಸ ಹಿಡಿಕೆ, ಅದೇ ಹಳೆಯ ರೋಗ. ಅವಳು ಇಳಿದು ತಳ್ಳಿದಳು. ಅಳು ಬರಬೇಕಾಗಿತ್ತು, ಆದರೆ ಏರಿನಲ್ಲಿ ಅದಕ್ಕೆ ಉಸಿರೇ ಸಾಲದು.

ಸಂಜೆ ಹೇಳಿದಾಗ ಕರುಣಾಕರನ ಮುಖ ಸಣ್ಣದಾಯಿತು. ಬಸ್ ಸ್ಟ್ಯಾಂಡಿನಲ್ಲಿ ಅವನು ಆ ಹಿಡಿಕೆಗಳ ಬಗ್ಗೆ ಬಹಳ ಹೇಳಿಕೊಂಡಿದ್ದ.

"ಬಿಳಿಯರು ಬಿಸಾಡಿದ ಕಸ. ನಿನ್ನ ಅಣ್ಣ ಅದನ್ನು ಹೆಕ್ಕಿ ತಂದು ಭಾವನಿಗೆ ಉಡುಗೊರೆ ಅಂತ ಕೊಟ್ಟ. ಮರ್ಯಾದೆ ಉಂಟಾ?"

"ಹೊಸದರಂತೆಯೇ ಉಂಟಲ್ಲ. ನೀವೂ ನೋಡಿದಿರಿ."

"ನೋಡಲು ಹೊಸತು! ಕೆಲಸಕ್ಕೆ ಎಂತ ಉಂಟು? ಇರಲಿ, ಇನ್ನೂ ಸ್ವಲ್ಪ ಎಣ್ಣೆ ಬಿಟ್ಟು ನೋಡು."

ಬಿಟ್ಟಳು. ಮತ್ತೂ ಸಲೀಸಾಗಿ ಬಿತ್ತು.

ಅವಳಿಗೆ ವಿಷಯ ಹೊಳೆದದ್ದು ಅಡುಗೆಮನೆಯಲ್ಲಿ. ಕ್ಯಾರಿಯರಿನ ಬಟ್ಟಲುಗಳನ್ನು ಒಂದರ ಮೇಲೆ ಒಂದು ಇಟ್ಟು, ಬದಿಯ ಕೊಂಡಿ ಎಳೆದು ಬಿಗಿಯಬೇಕು. ಮೀನು ಹುರಿದ ಎಣ್ಣೆಗೈಯಲ್ಲೇ ಬಿಗಿದಳು, ಕೊಂಡಿ ಜಾರಿ ಬಿಚ್ಚಿಕೊಂಡಿತು. ಎಂದಿನಂತೆ ಒಲೆಯಿಂದ ಒಂದು ಚಿಟಿಕೆ ಬೂದಿ ತೆಗೆದು ಕೊಂಡಿಯನ್ನು ಉಜ್ಜಿ ಬಿಗಿದಳು. ನಿಂತಿತು. ಇನ್ನೊಂದು ಕ್ಯಾರಿಯರಿಗೆ ಕೈ ಹಾಕಿದವಳು ಹಾಗೆಯೇ ನಿಂತುಬಿಟ್ಟಳು. ಬಾಗಿಲ ಕೀಲು ತಿರುಗಬೇಕು, ಅದಕ್ಕೆ ಎಣ್ಣೆ. ಈ ಕೊಂಡಿ ತಿರುಗಬಾರದು, ಹಿಡಿದು ನಿಲ್ಲಬೇಕು. ಸೈಕಲಿನ ಹಿಡಿಕೆಯೂ ಹಿಡಿದು ನಿಲ್ಲಬೇಕಾದದ್ದು. ಇಷ್ಟು ವರ್ಷ ಅದಕ್ಕೆ ಅವಳು ವಾರಕ್ಕೊಮ್ಮೆ ಎಣ್ಣೆ ಕುಡಿಸಿದ್ದಳು.

ಆ ದಿನ ಚೀಲದಲ್ಲಿ ಬೂದಿಯ ಪೊಟ್ಟಣ, ಸಾಬೂನಿನ ತುಂಡು, ಹಳೆ ಸೀರೆಯ ಚಿಂದಿ ಇಟ್ಟುಕೊಂಡು ಹೊರಟಳು. ಊಟ ಕೊಟ್ಟು ಇಳಿಯುವಾಗ ಕೋರೆಯ ಬಳಿ ನಿಂತು, ತಿರುಪು ಬಿಚ್ಚಿ, ಬಿಲ್ಲೆಗಳನ್ನು ಸಾಬೂನು ನೀರಿನಲ್ಲಿ ತೊಳೆದು, ಬೂದಿಯಲ್ಲಿ ಉಜ್ಜಿ, ಒಣಗಿಸಿ, ತೆಗೆದ ಸಾಲಿನಲ್ಲೇ ಜೋಡಿಸಿದಳು. ಸೈಕಲನ್ನು ತಿರುಗಿಸಿ ಏರಿನ ಕಡೆಗೆ ಹತ್ತಿಸಿ ನೋಡಿದಳು. ಹಿಡಿಕೆ ಎಳೆದಲ್ಲೇ ನಿಂತಿತು. ಇನ್ನೂ ಸ್ವಲ್ಪ ಹತ್ತಿಸಿದಳು. ನಿಂತೇ ಇತ್ತು. ಖಾಲಿ ಕ್ಯಾರಿಯರ್‌ಗಳು ಹಿಂದಿನಿಂದ ಗಲಗಲ ಎಂದವು.

ಇಳಿಜಾರಿನಲ್ಲಿ ಮನೆಗೆ ಬರುವಾಗ ಹೇಳಬೇಕಾದ ಮಾತನ್ನು ಅವಳು ಸರಿಮಾಡಿಕೊಂಡಳು. ಅಣ್ಣ ಕೊಟ್ಟದ್ದು ಕಸವಲ್ಲ, ಎಣ್ಣೆಯದ್ದೇ ತಪ್ಪು, ನಾನೂ ಅದೇ ತಪ್ಪು ಮಾಡಿದೆ. ಅಷ್ಟು ಹೇಳಿದರೆ ಅಣ್ಣನ ಮರ್ಯಾದೆ ಉಳಿಯುತ್ತದೆ. ಗಂಡನ ಮರ್ಯಾದೆಗೂ ದೊಡ್ಡ ಪೆಟ್ಟಿಲ್ಲ.

ಅಂಗಳಕ್ಕೆ ಬಂದಾಗ ಜಗಲಿಯಲ್ಲಿ ಗೆರಸೆ ಇತ್ತು. ಮೂಲೆಯಿಂದ ಹೊರಗೆ ಬಂದು, ಧೂಳು ಒರೆಸಿಕೊಂಡು, ಹೊಸ ಎಲೆ ತುಂಬಿಕೊಂಡು ಕಾಯುತ್ತಿತ್ತು.

"ಗೇರ್ ನಿಂತಿತಾ?" ಎಂದು ಕೇಳಿದರು ಅತ್ತೆ. "ಬೀಡಿ ಬ್ರಾಂ‍ಚಿನವರ ಹತ್ತಿರ ಮಾತಾಡಿ ಬಂದೆ. ಹೊಸ ಗೇರ್ ಹಾಕಿದ್ದೇವೆ, ಸೊಸೆ ಇನ್ನು ಬೇಗ ಬರ್ತಾಳೆ, ಎಲೆ ಹೆಚ್ಚು ಕೊಡಿ ಅಂದೆ."

ಸುಗಂಧಿ ಸೈಕಲನ್ನು ಗೋಡೆಗೆ ಒರಗಿಸಿದಳು. ಕ್ಯಾರಿಯರ್‌ಗಳನ್ನು ಒಂದೊಂದಾಗಿ ಕೆಳಗಿಟ್ಟಳು. ಕಪ್ಪಾದ ಉಗುರಿನ ಬೆರಳು ಇನ್ನೂ ಮಡಚುತ್ತಿರಲಿಲ್ಲ.

"ಇಲ್ಲ ಮಾಮಿ," ಎಂದಳು. "ನಿಲ್ಲುವುದಿಲ್ಲ. ಬೀಳ್ತದೆ."

ಅತ್ತೆ ನಿಟ್ಟುಸಿರು ಬಿಟ್ಟು ಗೆರಸೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅದನ್ನು ನೋಡುವುದು ಸುಗಂಧಿಗೆ ಸುಲಭವಾಗಿರಲಿಲ್ಲ. ಆ ಕೈಗಳೂ ಯಾವತ್ತೂ ಯಾವ ಕೋರೆಯಲ್ಲೂ ಕುಳಿತವಲ್ಲ.

ಆ ವಾರ ಕರುಣಾಕರ ಮತ್ತೆ ಮತ್ತೆ ಅಣ್ಣನ ವಿಷಯ ಎತ್ತಿದ. ಊಟಕ್ಕೆ ಕುಳಿತಾಗ, ಟವೆಲು ಕೊಡವಿದಾಗ. ಅವಳು ಬಡಿಸುತ್ತ ಕೇಳಿಸಿಕೊಂಡಳು. ಹೇಳಿಬಿಡುವ ಆಸೆ ಬಾಯಿಯವರೆಗೆ ಬರುತ್ತಿತ್ತು. ಗೆರಸೆಯ ಕಡೆ ನೋಡಿ ನುಂಗುತ್ತಿದ್ದಳು.

ನಿಜ ಗೊತ್ತಿದ್ದದ್ದು ಮೇಬಲಿಗೆ ಒಬ್ಬಳಿಗೆ. ಕ್ಯಾರಿಯರ್ ಬಿಸಿಬಿಸಿ ಬರತೊಡಗಿದ್ದನ್ನು ಅವಳು ಗಮನಿಸಿದ್ದಳು. ಒಂದು ದಿನ ನಡೆದುಕೊಂಡೇ ಇಳಿದು ಹೋಗುವಾಗ ಕೋರೆಯಲ್ಲಿ ಸುಗಂಧಿಯನ್ನೂ ಕಂಡಳು.

"ಗೇರ್ ಸರಿಯಾಗಿದೆ ಅಲ್ವಾ? ಮನೆಯಲ್ಲಿ ಹೇಳಲಿಲ್ಲವಾ?"

"ಹೇಳಿದರೆ ಇಲ್ಲಿ ಕೂರಲಿಕ್ಕಿಲ್ಲ ಸಿಸ್ಟರ್."

"ನಿಮ್ಮ ಅಣ್ಣನಿಗೆ ಸುಮ್ಮನೆ ಬೈಗುಳ."

"ಅಣ್ಣ ರಜೆ ಮುಗಿಸಿ ಪುನಃ ಬಹ್ರೈನಿಗೆ ಹೋದ. ಅಲ್ಲಿಯವರೆಗೆ ಕೇಳಿಸುವುದಿಲ್ಲ," ಎಂದಳು ಸುಗಂಧಿ. "ನನಗೆ ಕೇಳಿಸ್ತದೆ."

ಮೇಬಲ್ ಪಕ್ಕದಲ್ಲಿ ಕುಳಿತಳು. ಅವಳೂ ರಾತ್ರಿ ಡ್ಯೂಟಿ ಮುಗಿಸಿ ದಣಿದಿದ್ದಳು. ಚಪ್ಪಲಿ ಕಳಚಿ ತನ್ನ ಪಾದಗಳನ್ನೂ ಕಲ್ಲಿಗೆ ಊರಿದಳು.

ಮುಂದಿನ ವರ್ಷ, ಅದರ ಮುಂದಿನ ವರ್ಷವೂ ಆಯುಧಪೂಜೆಗೆ ಕರುಣಾಕರ ಹಿಡಿಕೆಗಳಿಗೆ ಎಣ್ಣೆ ಬಿಟ್ಟ. ಕೆಟ್ಟ ಗೇರಿಗೆ ಸ್ವಲ್ಪ ಹೆಚ್ಚೇ ಬಿಟ್ಟ. ಸುಗಂಧಿ ದೀಪ ಹಿಡಿದು ನಿಂತಳು. ಮರುದಿನ ಏರು ಶುರುವಾಗುವ ಮೊದಲೇ, ಅದರ ಬುಡದಲ್ಲಿದ್ದ ಸಣ್ಣ ಸೇತುವೆಯ ಬದಿಯಲ್ಲಿ ನಿಂತು ಬೂದಿಯಿಂದ ಉಜ್ಜಿದಳು.

ಕಷ್ಟ ಒಂದೇ. ಕರುಣಾಕರನ ಬಸ್ಸು ಹೋಗುವುದೂ ಅದೇ ರಸ್ತೆಯಲ್ಲಿ. ಅದಕ್ಕಾಗಿ ಅವಳು ಸೈಕಲನ್ನು ಪೊದೆಗೆ ಒರಗಿಸುವುದು ಬಿಟ್ಟು, ರಸ್ತೆ ಬದಿಯಲ್ಲಿ ಎಲ್ಲರಿಗೂ ಕಾಣುವಂತೆ ತಲೆಕೆಳಗು ಮಾಡಿ ನಿಲ್ಲಿಸುತ್ತಿದ್ದಳು, ರಿಪೇರಿಗೆ ನಿಲ್ಲಿಸುವ ಹಾಗೆ. ಪಕ್ಕದಲ್ಲಿ ಕ್ಯಾರಿಯರ್‌ಗಳ ಸಾಲು. ತಾನು ಒಳಗೆ ಹಲಸಿನ ಬುಡದಲ್ಲಿ.

ಕಾರ್ತಿಕದ ಒಂದು ಮಧ್ಯಾಹ್ನ ಅವಳು ಕಲ್ಲಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ್ದಳು. ಕೆಳಗಿನಿಂದ ಬಸ್ಸು ಏದುತ್ತ ಏರು ಹತ್ತಿ ಬರುವ ಸದ್ದು ಕೇಳಿತು. ಕೋರೆಯ ಎದುರು ಅದು ನಿಧಾನವಾಯಿತು. ಬಾಗಿಲಿನ ಸರಳು ಹಿಡಿದು ಹೊರಗೆ ಬಾಗಿದ ಕರುಣಾಕರ ತಲೆಕೆಳಗಾದ ಸೈಕಲ್ ನೋಡಿ ಕೂಗಿದ.

"ಏ ಸುಗಂಧಿ! ಎಲ್ಲಿದ್ದಿ? ಪುನಃ ಬಿತ್ತಾ?"

ಅವಳು ಕಣ್ಣು ತೆರೆಯಲಿಲ್ಲ.

"ಹೌದು! ಬಿತ್ತು!"

"ಎಣ್ಣೆ ಹಾಕಿದ್ದಿಯಾ?"

"ಹಾಕಿದ್ದೇನೆ! ನೀವು ಹೋಗಿ!"

ರೈಟ್ ಎಂದು ಬಸ್ಸಿನ ತಗಡಿಗೆ ಎರಡು ಬಡಿದ ಸದ್ದು. ಡ್ರೈವರ್ ಗೇರ್ ಬದಲಿಸಿದ. ಬಸ್ಸು ನರಳುತ್ತ ಮಣಿಪಾಲದ ಕಡೆ ಹತ್ತಿತು. ಧೂಳು ಇಳಿಯುವವರೆಗೆ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆಮೇಲೆ ಚಪ್ಪಲಿ ಕಳಚಿ, ಪಾದಗಳನ್ನು ಕಲ್ಲಿಗೆ ಊರಿ, ಬಿಟ್ಟಲ್ಲಿಂದ ಪುನಃ ಸುಮ್ಮನೆ ಕುಳಿತಳು.